ಹೋಮದ ಹೊಗೆಯಲ್ಲಿ ಪಾಸು, ಆಲ್ಬಮಿನಲ್ಲಿ ನಪಾಸು

ತಂಗಿಯ ಮದುವೆಗೆ ನಾವು ಕರೆಸಿದ ಶಿರಸಿ ಪೇಟೆಯ ಫೋಟೋ ಸ್ಟುಡಿಯೋದವರಿಗೆ ಮದುವೆ ಗೊತ್ತಿದೆ, ಆಲ್ಬಮ್ ಗೊತ್ತಿಲ್ಲ. ಕಳೆದ ಮೇ ತಿಂಗಳಲ್ಲಿ ಹುಲೇಕಲ್ ಕಡೆಯ ನಮ್ಮ ಮನೆಯಂಗಳದಲ್ಲಿ ಆ ಮದುವೆ ನಡೆಯಿತು. ಮದುವೆ, ಮರುದಿನದ ವಧೂಪ್ರವೇಶ, ವಿಡಿಯೋ, ಒಂದು ಆಲ್ಬಮ್ ಎಲ್ಲ ಸೇರಿ ಇವರಿಗೆ 65,000 ರೂಪಾಯಿ ಕೊಟ್ಟೆವು.

"ಮನೆಯಲ್ಲೇ ಕ್ಯಾಮೆರಾ ಇದೆಯಲ್ಲ, ದಂಡಕ್ಕೆ ದುಡ್ಡೇಕೆ?" ಎಂದು ಚಿಕ್ಕಪ್ಪ ಗೊಣಗಿದ್ದು ನಿಜ. ನಾನು ಅಘನಾಶಿನಿ ಅಳಿವೆಯಲ್ಲಿ ಹಕ್ಕಿಗಳ ಬೆನ್ನು ಹತ್ತುವವನು. ಹಕ್ಕಿ ತಪ್ಪಿದರೆ ಮುಂದಿನ ಭಾನುವಾರ ಇದೆ. ಅಂತಃಪಟ ಒಮ್ಮೆ ಸರಿದರೆ ಮುಗಿಯಿತು. ಮೇಲಾಗಿ ಲಾಜಾಹೋಮದಲ್ಲಿ ವಧುವಿನ ಬೊಗಸೆಗೆ ಅರಳು ಹಾಕಬೇಕಾದವನು ಅವಳ ಸೋದರ. ನನ್ನ ಎರಡೂ ಕೈ ಅಲ್ಲಿ ಬೇಕು.

ಹೊರಗಿನವರನ್ನು ಕರೆಯಲು ಒಪ್ಪಿದೆ, ನಿದ್ದೆ ಮಾತ್ರ ಬರಲಿಲ್ಲ. ಅರ್ಧಂಬರ್ಧ ತಿಳಿದವನ ಸಂಕಟವೇ ಬೇರೆ. ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲರ ಫೋಟೋಗಳೂ ಚೆಂದ: ಇಳಿಬಿಸಿಲು, ಮುರ್ಡೇಶ್ವರದ ಕಡಲು, ಕೈ ಕೈ ಹಿಡಿದ ಜೋಡಿ. ಅದರಿಂದ ಏನೂ ತಿಳಿಯುವುದಿಲ್ಲ. ಯಾವುದಾದರೂ ಒಂದು ಮನೆ ಮದುವೆಯ ಫೋಟೋಗಳನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿ ಎಂದು ಹೋದಲ್ಲೆಲ್ಲ ಕೇಳಿದೆ. ಬೇರೆಯವರು ಮಾತು ಹಾರಿಸಿದರು. ಇವರು ಆ ಮನೆಯವರಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದು ಹಾರ್ಡ್ ಡಿಸ್ಕ್ ತೆಗೆದರು. ನಾನು ನೇರವಾಗಿ ಹೋಮದ ಫೋಟೋಗಳಿಗೆ ಹೋದೆ. ಹೊಗೆಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬೆಳಕು ಹೊಗೆಗೇ ಬಡಿದು ಮರಳಿ, ಮುಖಗಳೆಲ್ಲ ಬಿಳಿಚಿಕೊಳ್ಳುತ್ತವೆ. ಇಲ್ಲಿ ಬೆಂಕಿಯ ಬಣ್ಣ ಕೆನ್ನೆಯ ಮೇಲೆ ಹಾಗೆಯೇ ಉಳಿದಿತ್ತು. ಒಂದು ಮೆಮೊರಿ ಕಾರ್ಡ್ ಕೆಟ್ಟರೂ ಇನ್ನೊಂದಿರಲಿ ಎಂದು, ಒಂದೇ ಹೊತ್ತಿಗೆ ಎರಡು ಕಾರ್ಡ್‌ಗಳಲ್ಲಿ ಫೋಟೋ ಉಳಿಯುತ್ತದೆಯೇ ಎಂದೂ ಕೇಳಿದೆ. ಅವರು ನಕ್ಕು ಕ್ಯಾಮೆರಾದ ಮುಚ್ಚಳ ತೆರೆದು ತೋರಿಸಿದರು.

ನಮ್ಮ ಚಪ್ಪರದ ಕಥೆ ಬೇರೆ. ಮಂಟಪದ ಮೇಲೆ ಅಡಿಕೆ ಸೋಗೆ, ನೆಂಟರ ಮೇಲೆ ಮಳೆಗೆ ಹೆದರಿ ಕಟ್ಟಿದ ನೀಲಿ ಟಾರ್ಪಾಲು. ಸೋಗೆಯ ಸಂದಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತಿತ್ತು. ವಧುವಿನ ಹಣೆಯ ಮೇಲೆ ಅಂಥ ಒಂದು ಚುಕ್ಕೆ ಬಿದ್ದರೆ ಫೋಟೋ ಕೆಟ್ಟಂತೆಯೇ. ಫೋಟೋಗ್ರಾಫರ್ ಬೆಳಿಗ್ಗೆ ಬಂದವರೇ ತಲೆಯೆತ್ತಿ ನೋಡಿ, "ಬಿಳಿ ಪಂಚೆ ಇದೆಯೇ?" ಎಂದರು. ಅಮ್ಮ ಕಪಾಟಿನಿಂದ ಅಪ್ಪನ ಎರಡು ಪಂಚೆ ತಂದುಕೊಟ್ಟರು. ಬೆಂಕಿ ತಾಗದಷ್ಟು ಎತ್ತರದಲ್ಲಿ ಅವನ್ನು ಬಿಗಿಸಿದ್ದೇ ತಡ, ಮಂಟಪದ ತುಂಬ ಒಂದೇ ಸಮನೆ ಮೆದು ಬೆಳಕು. ನೀಲಿಗಟ್ಟಿದ ನೆಂಟರನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿದ್ದಾರೆ.

ಅಂತಃಪಟ ಸರಿಯುವ ಮೊದಲೇ ಅವರು ವರನ ಹೆಗಲ ಹಿಂದೆ ಜಾಗ ಹಿಡಿದಿದ್ದರು. ಜೀರಿಗೆ ಬೆಲ್ಲ ತಲೆಗೆ ಬಿದ್ದು ತಂಗಿ ಕಣ್ಣು ಕಿವುಚಿದ ಗಳಿಗೆ ಸಿಕ್ಕಿದೆ. "ಇನ್ನೊಮ್ಮೆ ಮಾಡಿ" ಎಂದು ಭಟ್ಟರನ್ನು ಎಲ್ಲಿಯೂ ನಿಲ್ಲಿಸಲಿಲ್ಲ. ಕೊಟ್ಟ ದುಡ್ಡಿನ ಅರ್ಧ ಇದೊಂದಕ್ಕೇ ಸಂದಿತು. ವಿಡಿಯೋದವರ ಬಗ್ಗೆ ಈ ಮಾತು ಹೇಳಲಾರೆ. ಅವರ ದೀಪ ಇಡೀ ದಿನ ಅಜ್ಜಿಯ ಕಣ್ಣಿಗೇ ಹೊಡೆಯುತ್ತಿತ್ತು.

ಆಷಾಢದಲ್ಲಿ ಕೊಡುತ್ತೇವೆ ಎಂದಿದ್ದ ಆಲ್ಬಮ್ ದೀಪಾವಳಿಗೆ ಬಂತು. ಅಜ್ಜಿಯ ಸುಕ್ಕುಗಳನ್ನೆಲ್ಲ ಒರೆಸಿ ಹಾಕಿದ್ದಾರೆ. ತಂಗಿಯ ಗದ್ದದ ಮಚ್ಚೆ ಮಾಯ. ಒಂದು ಪುಟದಲ್ಲಂತೂ ನಮ್ಮ ಅಡಿಕೆ ತೋಟವನ್ನು ಅಳಿಸಿ ವಧೂವರರ ಹಿಂದೆ ಹಿಮದ ಬೆಟ್ಟ ನಿಲ್ಲಿಸಿದ್ದಾರೆ! ಜಗಳವಾಡಿ ಆ ಹಾಳೆಯನ್ನು ಬದಲಾಯಿಸಿಕೊಂಡೆ.

ಎಲ್ಲ ಫೋಟೋಗಳ ಫೈಲ್ ಕೇಳಿದಾಗ "ಹಕ್ಕು ನಮ್ಮದು" ಎಂಬ ರಾಗ ತೆಗೆದರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು. ಮೊಬೈಲಿನಲ್ಲಿ ಅದನ್ನು ತೋರಿಸಿದ ಮೇಲೆ ಪೆನ್ ಡ್ರೈವ್ ಕೈಗೆ ಬಂತು. ಮುಂಗಡ ಕೊಡುವಾಗಲೇ ಫೈಲ್‌ಗಳ ಮಾತನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ.

ಮಾವನ ಮನೆಯ ಉಪನಯನಕ್ಕೂ ಇವರನ್ನೇ ಗೊತ್ತು ಮಾಡಿದ್ದೇವೆ. ವಿಡಿಯೋ ಇಲ್ಲ, ಆಲ್ಬಮ್ ಇಲ್ಲ, ಬರೀ ಫೋಟೋ.