ಮಲೆನಾಡಿನ ಮಳೆಯಲ್ಲಿ ನನ್ನ ಅಸಿಟೇಟ್ ಫ್ರೇಮ್

ತೀರ್ಥಹಳ್ಳಿ ಕಡೆಯ ಮಳೆ, ಅಡಿಕೆ ಬೇಯಿಸುವ ಹಂಡೆಯ ಆವಿ, ಸ್ಕೂಟರ್ ಓಡಿಸುವಾಗಿನ ಹೆಲ್ಮೆಟ್ಟು. ಇಷ್ಟನ್ನೂ ನನ್ನ ಕನ್ನಡಕದ ಕಂದು ಬಣ್ಣದ ಅಸಿಟೇಟ್ ಫ್ರೇಮ್ ವರ್ಷಗಟ್ಟಲೆ ತಡೆದುಕೊಂಡಿದೆ. ಹೊಸದು ಕೊಳ್ಳೋಣ ಅಂತ ಇನ್ನೂ ಅನ್ನಿಸಿಲ್ಲ.

ಮುಂಚೆ ಹಾಕುತ್ತಿದ್ದದ್ದು ತೆಳು ಲೋಹದ್ದು. ನೋಡೋಕೆ ಚೆನ್ನಾಗಿತ್ತು. ಆದರೆ ಬೆವರು, ತೇವ ಸೇರಿ ಮೂಗಿನ ಪ್ಯಾಡ್ ಸುತ್ತ ಹಸಿರು ಕಟ್ಟುತ್ತಿತ್ತು. ಲೋಹದಲ್ಲಿ ತಾಮ್ರ ಇದ್ದರೆ ಹಿಡಿಯುವ ಕಿಲುಬು ಅದು. ಅಸಿಟೇಟಿಗೆ ಆ ಕಾಟವಿಲ್ಲ. ಹತ್ತಿ ಅಥವಾ ಮರದ ನಾರಿನಿಂದ ಮಾಡುವ ಪ್ಲಾಸ್ಟಿಕ್ ಅದು. ಕೀಲಿನ ಸ್ಕ್ರೂ ಮಾತ್ರ ಲೋಹದ್ದೇ, ನೆನೆದ ದಿನ ಅದನ್ನು ಒರೆಸಲೇಬೇಕು.

ಆರಿಸಿದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಅತ್ತಿಗೆ ಜೊತೆ. ನನ್ನದು ದುಂಡು ಮುಖ. ಮೂಲೆ ಇರುವ ಫ್ರೇಮ್ ಒಪ್ಪುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೇ. ಆದರೆ ನನ್ನ ಪ್ರಕಾರ ಆಕಾರಕ್ಕಿಂತ ಅಳತೆ ದೊಡ್ಡದು. ಕಿವಿಯ ಮೇಲೆ ಕೂರುವ ಕಡ್ಡಿಯ ಒಳಬದಿ ನೋಡಿ. ನನ್ನದರಲ್ಲಿ 50, 18, 140 ಅಂತಿದೆ, ಎಲ್ಲವೂ ಮಿಲಿಮೀಟರ್. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಗಾಜುಗಳ ನಡುವೆ ಮೂಗಿನ ಮೇಲೆ ಬರುವ ಜಾಗ, ಕೊನೆಯದು ಕಡ್ಡಿಯ ಉದ್ದ. ಅಸಿಟೇಟಿನಲ್ಲಿ ಸಾಮಾನ್ಯವಾಗಿ ಬಗ್ಗಿಸುವ ಪ್ಯಾಡ್ ಇರುವುದಿಲ್ಲ. ಹಾಗಾಗಿ ಆ ನಡುವಿನ ಅಳತೆ ತಪ್ಪಿದರೆ ಕನ್ನಡಕ ದಿನವಿಡೀ ಜಾರುತ್ತದೆ. ಮೈನಸ್ ಪವರ್ ಜಾಸ್ತಿ ಇರುವವರು ಚಿಕ್ಕ ಗಾಜನ್ನೇ ಆರಿಸಿ, ಅಂಚು ಅಷ್ಟು ದಪ್ಪ ಕಾಣುವುದಿಲ್ಲ.

ದೊಡ್ಡ ಚೌಕದ್ದೊಂದು ಹಾಕಿದಾಗ ಅತ್ತಿಗೆ, "ನಿನ್ನ ಹುಬ್ಬೇ ಕಾಣ್ತಿಲ್ಲ ಕಣೇ, ತೆಗಿ" ಅಂದರು. ಹುಬ್ಬು ಮುಚ್ಚಿದರೆ ಮುಖದ ಭಾವವೇ ಹೋಗುತ್ತದೆ ಅಲ್ವಾ? ಇನ್ನೊಂದು, ಅಂಗಡಿಯಲ್ಲೇ ಜೋರಾಗಿ ನಕ್ಕು ನೋಡಿ. ಕೆನ್ನೆ ಫ್ರೇಮನ್ನು ಮೇಲೆತ್ತಿದರೆ ಅದು ಬೇಡ. ಕಪ್ಪು ಬಣ್ಣ ನನಗೆ ಗಡಸಾಗಿ ಕಂಡಿತು. ಕಂದು ನನ್ನ ಕಾಟನ್ ಸೀರೆಗಳಿಗೂ ತೋಟದ ಅಂಗಿಗೂ ಹೊಂದಿಕೊಂಡಿದೆ.

ಕೊರತೆ ಇಲ್ಲವೆಂದಲ್ಲ. ಲೋಹದ್ದಕ್ಕಿಂತ ಭಾರ, ಸಂಜೆ ಹೊತ್ತಿಗೆ ಮೂಗಿನ ಮೇಲೆ ಗುರುತು ಬೀಳುತ್ತದೆ. ಹಂಡೆಯ ಮುಚ್ಚಳ ತೆಗೆದರೆ ಗಾಜು ಮಂಜಾಗುತ್ತದೆ, ಅದಕ್ಕೆ ಯಾವ ಫ್ರೇಮೂ ಪರಿಹಾರವಲ್ಲ. ಕಡ್ಡಿ ಸಡಿಲವಾದಾಗ ಅಂಗಡಿಯವರು ಬಿಸಿ ಮಾಡಿ ಕಿವಿಯ ಹಿಂದೆ ಸರಿಯಾಗಿ ಬಗ್ಗಿಸಿಕೊಟ್ಟರು. ಬೆವರಿಗೆ ಕಡ್ಡಿಯ ತುದಿ ಬೆಳ್ಳಗಾಗಿದ್ದನ್ನೂ ಪಾಲಿಶ್ ಹಾಕಿ ಸರಿಮಾಡಿದರು. ಬಿಸಿಗೆ ಬಗ್ಗುವ ವಸ್ತು ಆದ್ದರಿಂದ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಮೂಗು ಚಪ್ಪಟೆ ಇದ್ದು, ಯಾವ ಅಸಿಟೇಟೂ ನಿಲ್ಲದಿದ್ದರೆ ಸುಮ್ನೆ ಒದ್ದಾಡಬೇಡಿ. ಪ್ಯಾಡ್ ಇರುವ ಟೈಟಾನಿಯಂ ಫ್ರೇಮ್ ಕೇಳಿ. ಹಗುರ, ತುಕ್ಕೂ ಹಿಡಿಯುವುದಿಲ್ಲ. ಬೆಲೆ ಮಾತ್ರ ಜಾಸ್ತಿ.