ಏಜೆನ್ಸಿ ಜೊತೆ ಮಾತಿಗೆ ಕೂರುವ ಮುಂಚೆ: ಉಮಂಗ್ ಆ್ಯಪ್‌ನ ಪಿಎಫ್ ಪಾಸ್‌ಬುಕ್ ಹೇಗಿದೆ?

ದಾವಣಗೆರೆ, ಹರಿಹರ, ಜಗಳೂರು ಕಡೆಯ ಆಸ್ಪತ್ರೆಗಳಲ್ಲಿ ಹೊರಗುತ್ತಿಗೆ ಮೇಲೆ ದುಡಿಯುವ ಸಿಸ್ಟರ್‌ಗಳ ಸಂಘ ಏಜೆನ್ಸಿ ಜೊತೆ ಒಪ್ಪಂದದ ಮಾತಿಗೆ ಕೂರುವುದಾದರೆ, ಬೇಡಿಕೆ ಪಟ್ಟಿಗಿಂತ ಮೊದಲು ಕೈಯಲ್ಲಿರಬೇಕಾದ್ದು ಪ್ರತಿಯೊಬ್ಬರ ಪಿಎಫ್ ಪಾಸ್‌ಬುಕ್. ಅದನ್ನು ಪುಕ್ಕಟೆಯಾಗಿ ತೆಗೆದುಕೊಡುವ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಆ್ಯಪ್‌ನಲ್ಲಿ ಇಪಿಎಫ್‌ಒ (ಪಿಎಫ್ ಸಂಸ್ಥೆ) ಎಂದು ಹುಡುಕಿ, ಪಾಸ್‌ಬುಕ್ ಆಯ್ಕೆ ಒತ್ತಿ, 12 ಅಂಕಿಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಹಾಕಿದರೆ ಓಟಿಪಿ ಬರುತ್ತದೆ. ಆಮೇಲೆ ಮೆಂಬರ್ ಐಡಿ (ಒಬ್ಬೊಬ್ಬ ಮಾಲೀಕರ ಕೆಳಗೆ ಸಿಗುವ ಪಿಎಫ್ ಖಾತೆಯ ನಂಬರ್) ಆರಿಸಿ ಇಳಿಸಿಕೊಂಡರಾಯಿತು. ಎಡವಟ್ಟಾಗುವುದು ಓಟಿಪಿಯಲ್ಲೇ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಏಜೆನ್ಸಿಯ ಗುಮಾಸ್ತ ತನ್ನದೇ ಮೊಬೈಲ್ ನಂಬರ್ ಕೊಟ್ಟಿದ್ದರೆ ಓಟಿಪಿ ಅವನಿಗೆ ಹೋಗುತ್ತದೆ. ಹಾಗಾಗಿ ಆಧಾರ್‌ಗೆ ಜೋಡಿಸಿದ ನಂಬರನ್ನೇ ಯುಎಎನ್‌ಗೂ ಹಾಕಿಸಿಕೊಳ್ಳುವುದು ಮೊದಲ ಕೆಲಸ. ಟೆಂಡರ್ ಬದಲಾಗಿ ಬೇರೆ ಏಜೆನ್ಸಿ ಬಂದಾಗ ಹೊಸ ಮೆಂಬರ್ ಐಡಿ ಸೇರಿಕೊಳ್ಳುತ್ತದೆ. ಕೊನೆಯದೊಂದನ್ನೇ ನೋಡಿ ಹಳೇ ದುಡ್ಡು ಹೋಯಿತೆಂದು ಗಾಬರಿಯಾಗಬೇಡಿ, ಎಲ್ಲ ಐಡಿಗಳ ಪಾಸ್‌ಬುಕ್ಕನ್ನೂ ಇಳಿಸಿಕೊಳ್ಳಿ.

ಕಷ್ಟ ಇರುವುದು ಓದುವುದರಲ್ಲಿ. ಪಿಎಫ್ ಲೆಕ್ಕದ ಸಂಬಳ 15,000 ರೂಪಾಯಿ ಆಗಿದ್ದರೆ ತಿಂಗಳಿಗೆ ಮೂರು ಅಂಕಿ ಕಾಣಬೇಕು: ನೌಕರರ ಪಾಲು 1,800, ಮಾಲೀಕರ ಪಾಲು 550, ಪಿಂಚಣಿ 1,250. ಕೊನೆಯ ಎರಡೂ ಮಾಲೀಕರು ಕಟ್ಟಿದ್ದೇ, ಕೂಡಿದರೆ ಅದೂ 1,800. ಇದು ತಿಳಿಯದೆ ‘ನಮ್ಮದು 1,800, ನಿಮ್ಮದು ಬರೀ 550’ ಎಂದು ವಾದ ಹೂಡಿದರೆ ಆಚೆ ಕಡೆಯವರು ಒಂದೇ ಮಾತಿಗೆ ಬಾಯಿ ಮುಚ್ಚಿಸುತ್ತಾರೆ. ನೌಕರರ ಪಾಲು 960 ಎಂದಿದ್ದರೆ ಅನುಮಾನಪಡಿ: ಸಂಬಳವನ್ನು 8,000 ಎಂದು ತೋರಿಸಿ ಉಳಿದದ್ದನ್ನು ಭತ್ಯೆಯ ಹೆಸರಿಗೆ ಹಾಕಿದ್ದಾರೆ. ಮನೆ ಬಾಡಿಗೆ ಭತ್ಯೆಯ ಮಾತು ಬೇರೆ. ಎಲ್ಲರಿಗೂ ಒಂದೇ ರೀತಿ ಕೊಡುವ ವಿಶೇಷ ಭತ್ಯೆಯನ್ನು ಪಿಎಫ್ ಲೆಕ್ಕದಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲೇ ಹೇಳಿದೆ.

ತಿಂಗಳ ಹೆಸರೂ ಗೊಂದಲ ಮಾಡುತ್ತದೆ. ಮಾರ್ಚ್ ಸಂಬಳದ ವಂತಿಗೆ ‘ಡ್ಯೂ ಮಂತ್’ ಎಂಬಲ್ಲಿ ಏಪ್ರಿಲ್ ಎಂದು ಕಾಣುತ್ತದೆ, ಏಕೆಂದರೆ ಕಟ್ಟುವ ಗಡುವು ಮುಂದಿನ ತಿಂಗಳ 15. ಜಮೆಯಾದ ತಾರೀಖು ಅದನ್ನು ಮೀರಿದ ಸಾಲುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಡಿ.

ಒಂದು ಅಂಕ ಕಡಿದದ್ದು ಇದಕ್ಕೆ: ಮಾಲೀಕರ ಪಾಲು ಯಾರ ಜೇಬಿನಿಂದ ಬಂತು ಎಂಬುದನ್ನು ಪಾಸ್‌ಬುಕ್ ತೋರಿಸುವುದಿಲ್ಲ. ಅದಕ್ಕೆ ಪೇ ಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ನೋಡಲೇಬೇಕು. 15,000 ಸಂಬಳದಲ್ಲಿ 12% ಮಾತ್ರ ಹಿಡಿದರೆ, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಡಿತವನ್ನು ಲೆಕ್ಕಕ್ಕೆ ಹಿಡಿಯದೆ, ಕೈಗೆ 13,200 ಬರಬೇಕು. 11,250 ಬಂದಿದ್ದರೆ ಮಾಲೀಕರ 13% (12% ಪಾಲು, ಜೊತೆಗೆ ವಿಮೆ ಮತ್ತು ಆಡಳಿತ ಶುಲ್ಕ 1%), ಅಂದರೆ 1,950 ರೂಪಾಯಿಯನ್ನೂ ಸಿಸ್ಟರ್ ಸಂಬಳದಿಂದಲೇ ಮುರಿದಿದ್ದಾರೆ. 40 ಜನ ಇರುವ ಕಡೆ ವರ್ಷಕ್ಕೆ 9,36,000 ರೂಪಾಯಿ. ರಾತ್ರಿ ಪಾಳಿ ಮಾಡಿ ದುಡಿದ ದುಡ್ಡು ಇದು. 1952ರ ಪಿಎಫ್ ಸ್ಕೀಮಿನ 31ನೇ ಪ್ಯಾರಾ ಹೀಗೆ ಮುರಿಯುವುದನ್ನು ನೇರವಾಗಿ ನಿಷೇಧಿಸುತ್ತದೆ. 30ನೇ ಪ್ಯಾರಾ ಪ್ರಕಾರ ಗುತ್ತಿಗೆದಾರನ ನೌಕರರ ವಂತಿಗೆಯ ಹೊಣೆ ಮೂಲ ಮಾಲೀಕರದ್ದೂ, ಅಂದರೆ ಇಲ್ಲಿ ಆಸ್ಪತ್ರೆಯದ್ದೂ ಹೌದು. ಆದ್ದರಿಂದ ಮಾತುಕತೆಗೆ ಏಜೆನ್ಸಿ ಒಂದನ್ನೇ ಕರೆದರೆ ಸಾಲದು, ಆಸ್ಪತ್ರೆ ಆಡಳಿತದವರೂ ಬಂದು ಕೂರಬೇಕು.

ಒಪ್ಪಂದದಲ್ಲಿ ಎರಡು ಷರತ್ತು ಬರೆಸದೆ ಎದ್ದು ಬರಬಾರದು. ಸಂಬಳ ಇಷ್ಟು, ಮಾಲೀಕರ ಪಾಲು ಅದರ ಮೇಲೆ ಪ್ರತ್ಯೇಕ ಎಂಬುದು ಒಂದು. ‘ಒಟ್ಟು ಮೊತ್ತ’ ಎಂಬ ಪದ ನುಸುಳಿದರೆ ಮಾಲೀಕರ ಪಾಲೂ ಅದರೊಳಗೇ ಸೇರಿಹೋಗಿ ಈ ಷರತ್ತು ಕೆಟ್ಟಿತು. ಇನ್ನೊಂದು, ಆ ತಿಂಗಳ ಪಿಎಫ್ ಕಟ್ಟಿದ ಚಲನ್ ಮತ್ತು ಹೆಸರುಗಳ ಪಟ್ಟಿ ಲಗತ್ತಿಸದ ಹೊರತು ಏಜೆನ್ಸಿಯ ಬಿಲ್ ಪಾಸಾಗಕೂಡದು.

ಆ್ಯಪ್ ತೆರೆಯಲು ಆಗದವರು ಯುಎಎನ್‌ಗೆ ಜೋಡಿಸಿದ ಮೊಬೈಲಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ವಂತಿಗೆಯ ಮೊತ್ತ ಮೆಸೇಜಿನಲ್ಲಿ ಬರುತ್ತದೆ. ಯುಎಎನ್ ಚಾಲೂ ಆಗಿ, ಕೆವೈಸಿ ಜೋಡಣೆಯಾಗಿರಬೇಕು ಅಷ್ಟೆ. ಹೆಸರು, ಜನ್ಮದಿನಾಂಕ ಆಧಾರ್‌ಗೆ ತಾಳೆಯಾಗದಿದ್ದರೆ ಪ್ರತಿ ತಿಂಗಳ 27ರಂದು ಪಿಎಫ್‌ನವರು ಜಿಲ್ಲೆಗಳಲ್ಲಿ ನಡೆಸುವ ‘ನಿಧಿ ಆಪ್‌ಕೇ ನಿಕಟ್’ ಶಿಬಿರಕ್ಕೆ ಕಾಗದಪತ್ರ ತೆಗೆದುಕೊಂಡು ಹೋಗಿ ಕೇಳಬಹುದು.