‘ಫುಲ್ ಚಾರ್ಜ್ ಮಾಡೇ ಇಟ್ಟಿದ್ದೀನಿ ಸರ್’ ಅಂದರೆ ಆ ಲಿಪೋ ಬ್ಯಾಟರಿ ತಗೋಬೇಡಿ

ಸೆಕೆಂಡ್ ಹ್ಯಾಂಡ್ ಆರ್‌ಸಿ (ರಿಮೋಟ್ ಕಂಟ್ರೋಲ್) ಆಟದ ಕಾರ್ ಕೊಳ್ಳುವ ಯೋಚನೆಯಲ್ಲಿ ಇರುವವರು, ಅದರಲ್ಲೂ ಮಕ್ಕಳಿಗೆ ಕೊಡಿಸಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಓದಿ. ಎಲ್ಲರೂ ಟೈರ್ ನೋಡ್ತಾರೆ, ಮೋಟರ್ ನೋಡ್ತಾರೆ. ಬ್ಯಾಟರಿಯನ್ನು, ಅಂದರೆ ಲಿಪೋ (ಲಿಥಿಯಂ ಪಾಲಿಮರ್) ಪ್ಯಾಕನ್ನು, ಯಾರೂ ಸರಿಯಾಗಿ ನೋಡುವುದಿಲ್ಲ.

ನನ್ನ ತಂಗಿ ಮಗನಿಗೆ ಅಂತ ಬೆಂಗಳೂರಿನ ಒಬ್ಬರಿಂದ 1:10 ಅಳತೆಯ ಟ್ರಕ್ ತಗೊಂಡೆವು. ಜೊತೆಗೆ ಎರಡು 2ಎಸ್ ಲಿಪೋ ಪ್ಯಾಕ್ (2ಎಸ್ ಅಂದರೆ ಒಳಗೆ ಸಾಲಾಗಿ ಎರಡು ಸೆಲ್), ಒಂದೊಂದೂ 5000 ಎಂಎಎಚ್. ‘ನಾನು ಜಾಸ್ತಿ ಓಡಿಸೇ ಇಲ್ಲ ಸರ್. ಬ್ಯಾಟರಿ ಹೊಸದರ ಥರಾನೇ ಇದೆ, ಯಾವಾಗಲೂ ಫುಲ್ ಚಾರ್ಜ್ ಮಾಡೇ ಇಟ್ಟಿದ್ದೀನಿ’ ಅಂದರು. ಟ್ರಕ್ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು.

ಮನೆಗೆ ತಂದ ಮೇಲೆ ಒಂದು ಪ್ಯಾಕ್ ಟ್ರೇ ಒಳಗೆ ಕೂರಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಕೇಸ್ ಇರುವ ಪ್ಯಾಕ್ ಅದು. ಬೆಳಕಿಗೆ ಹಿಡಿದು ನೋಡಿದರೆ ಕೇಸಿನ ಎರಡು ಭಾಗ ಕೂಡುವ ಗೆರೆ ಒಂದು ಕಡೆ ಬಿಟ್ಟುಕೊಂಡಿತ್ತು, ಉಗುರು ಹೋಗುವಷ್ಟು. ಮೂಗಿನ ಹತ್ತಿರ ತಂದರೆ ನೇಲ್ ಪಾಲಿಶ್ ಥರದ ಸಿಹಿ ವಾಸನೆ. ಒಳಗೆ ಸೆಲ್ ಊದಿಕೊಂಡು ಕೇಸನ್ನೇ ತಳ್ಳುತ್ತಿತ್ತು. ಮೆತ್ತಗಿನ ಪ್ಯಾಕ್ ಆಗಿದ್ದರೆ ಊದಿದ್ದು ಕಣ್ಣಿಗೆ ಕಾಣುತ್ತದೆ. ಗಟ್ಟಿ ಕೇಸ್ ಅದನ್ನು ಮುಚ್ಚಿಡುತ್ತದೆ.

ಇನ್ನೊಂದು ಪ್ಯಾಕ್ ನೋಡಲು ಸರಿಯಾಗೇ ಇತ್ತು. ತಾರಸಿಯಲ್ಲಿ ಹಳೇ ಹೆಂಚಿನ ಮೇಲಿಟ್ಟು ಬ್ಯಾಲೆನ್ಸ್ ಚಾರ್ಜ್‌ಗೆ (ಎರಡೂ ಸೆಲ್ ಸಮವಾಗಿ ತುಂಬುವ ರೀತಿ) ಹಾಕಿದೆವು, ಕರೆಂಟ್ 5 ಆಂಪ್ಸ್, ಅಂದರೆ 1ಸಿ, ಸುಮಾರು ಒಂದು ಗಂಟೆಯಲ್ಲಿ ತುಂಬುವ ವೇಗ. ಶುರುವಿನಲ್ಲಿ ಎರಡೂ ಸೆಲ್ 3.7 ವೋಲ್ಟ್ ಆಸುಪಾಸು ಇದ್ದವು. ಸ್ವಲ್ಪ ಹೊತ್ತಿಗೆ ಮೊದಲನೇ ಸೆಲ್ ಮೇಲೆ ಹೋಗ್ತಾ ಇತ್ತು, ಎರಡನೆಯದು ನಿಂತಲ್ಲೇ ನಿಂತಿತ್ತು. ಆಮೇಲೆ ಇಳಿಯಲು ಶುರುವಾಯಿತು. ಚಾರ್ಜ್ ಆಗುತ್ತಿರುವ ಸೆಲ್‌ನ ವೋಲ್ಟೇಜ್ ಇಳಿದರೆ ಒಳಗೇ ಶಾರ್ಟ್ ಇದೆ ಅಂತ ಅರ್ಥ. ತಕ್ಷಣ ವೈರ್ ಕಿತ್ತೆವು. ಆದರೂ ಪ್ಯಾಕ್ ಬಿಸಿಯಾಗುವುದು ನಿಲ್ಲಲಿಲ್ಲ. ಒಳಗೆ ಸೇರಿದ್ದ ಚಾರ್ಜ್ ಅಲ್ಲೇ ಸುಡುತ್ತಿತ್ತು. ಬುಸ್ ಅಂತ ಸದ್ದು, ದಪ್ಪ ಬಿಳಿ ಹೊಗೆ, ಹಿಂದೆಯೇ ಬೆಂಕಿ. ಹುಡುಗನನ್ನು ಮೆಟ್ಟಿಲ ಕಡೆಗೆ ಓಡಿಸಿ, ದೂರದಿಂದ ಪೈಪ್ ಹಿಡಿದು ನೀರು ಬಿಟ್ಟೆವು. ಯಾರಿಗೂ ಏನೂ ಆಗಲಿಲ್ಲ. ಇದೇ ಹಾಲ್‌ನಲ್ಲಿ ಸೋಫಾ ಪಕ್ಕ ಆಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಆ ಹೊಗೆ ವಿಷ. ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಹತ್ತಿರ ಹೋಗಲೇಬಾರದು.

ಮಾರಿದವರಿಗೆ ಫೋನ್ ಮಾಡಿದರೆ ಆರಾಮಾಗಿ ಹೇಳಿದರು: ‘ಓ, ಅದಾ? ಕಾರ್‌ಗೆ ಹಾಕೇ ಬಿಟ್ಟಿದ್ದೆ, ಪೂರ್ತಿ ಡೆಡ್ ಆಗಿತ್ತು. ಚಾರ್ಜರ್ ತಗೊಳ್ತಾ ಇರಲಿಲ್ಲ. ನಿಕಲ್ ಮೋಡ್‌ನಲ್ಲಿ ಹಾಕಿ ಎಬ್ಬಿಸಿದೆ.’ ನಿಕಲ್ ಮೋಡ್ ಅಂದರೆ ಚಾರ್ಜರ್‌ನಲ್ಲಿ ನಿಕಲ್ ಬ್ಯಾಟರಿಗಳಿಗೆ ಇರುವ ಸೆಟ್ಟಿಂಗ್, ಲಿಪೋಗೆ ಅಲ್ಲ. ಆಮೇಲೆ ಅವರು ಫೋನ್ ಎತ್ತಲೇ ಇಲ್ಲ.

ಈ ‘ಎಬ್ಬಿಸುವ’ ಕೆಲಸ ಎಷ್ಟು ಅಪಾಯ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಲಿಪೋ ಸೆಲ್ 3 ವೋಲ್ಟ್‌ಗಿಂತ ತುಂಬಾ ಕೆಳಗೆ ಹೋಗಿ ಹಾಗೇ ಉಳಿದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಕಾದ ಜಾಗ ಬಿಟ್ಟು ಬೇರೆ ಕಡೆ ಕೂರುತ್ತದೆ. ಶಾರ್ಟ್ ಆಗುವುದು ಅಲ್ಲೇ. ಚಾರ್ಜರ್ ಸುಮ್ನೆ ಎರರ್ ತೋರಿಸುವುದಿಲ್ಲ. ನಿಕಲ್ ಮೋಡ್ ಹಾಕಿ ಅದನ್ನು ಮೋಸ ಮಾಡಿ ಚಾರ್ಜ್ ಮಾಡಿದ ಪ್ಯಾಕ್ ಮೀಟರ್‌ನಲ್ಲಿ ಸರಿಯಾಗೇ ಕಾಣುತ್ತದೆ, ಮುಂದಿನ ಮಾಲೀಕನ ಮನೆಯಲ್ಲಿ ಹೊತ್ತಿಕೊಳ್ಳುತ್ತದೆ. ಅಂಥದ್ದನ್ನು ಮಗುವಿನ ಕೈಗೆ ಹೋಗುವ ಆಟದ ಸಾಮಾನಿನ ಜೊತೆ ಮಾರುವುದು ದೊಡ್ಡ ತಪ್ಪು.

ಊದಿದ ಪ್ಯಾಕ್ ಕತೆ ಬೇರೆ. ಅದು ನಿಜವಾಗಿಯೂ ‘ಫುಲ್ ಚಾರ್ಜ್’ ಇತ್ತು, ಅದೇ ಅದನ್ನು ಹಾಳು ಮಾಡಿದ್ದು. ನಮ್ಮ ಮನೆಗಳಲ್ಲಿ ಈ ಅಭ್ಯಾಸ ಬಂದಿರುವುದು ಯುಪಿಎಸ್, ಬೈಕ್ ಬ್ಯಾಟರಿಗಳಿಂದ ಅಂತ ನನಗನಿಸುತ್ತದೆ. ಅವು ಲೆಡ್ ಆಸಿಡ್, ತುಂಬಿಟ್ಟರೇ ಬಾಳಿಕೆ. ಲಿಪೋ ಹಾಗಲ್ಲ. ಸೆಲ್‌ಗೆ 4.20 ವೋಲ್ಟ್ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ದ್ರಾವಣ ನಿಧಾನವಾಗಿ ಕೆಟ್ಟು ಗ್ಯಾಸ್ ಆಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ರಾಯಚೂರು, ಕಲಬುರಗಿ ಕಡೆ ಇರುವವರು, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಪ್ಯಾಕ್ ಬಿಡುವವರು ಇದನ್ನು ನೆನಪಿಡಿ.

ಇಡಬೇಕಾದ್ದು ಸೆಲ್‌ಗೆ 3.80ರಿಂದ 3.85 ವೋಲ್ಟ್, ಅಂದರೆ 2ಎಸ್ ಪ್ಯಾಕ್ ಒಟ್ಟು 7.6ರಿಂದ 7.7. ಒಳ್ಳೇ ಚಾರ್ಜರ್‌ಗಳಲ್ಲಿ ಸ್ಟೋರೇಜ್ ಮೋಡ್ ಇರುತ್ತದೆ, ಒತ್ತಿದರೆ ಸಾಕು, ತಾನೇ ಏರಿಸಿಯೋ ಇಳಿಸಿಯೋ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಎರಡು ಮೂರು ದಿನದಲ್ಲಿ ಓಡಿಸುವುದಿಲ್ಲ ಅಂತಾದರೆ ಹಾಗೆ ಮಾಡಿಬಿಡಿ. ಕಾರಿನಿಂದ ಪ್ಯಾಕ್ ಬಿಚ್ಚಿಡಿ. ಸ್ವಿಚ್ ಆಫ್ ಇದ್ದರೂ ಬಹಳಷ್ಟು ಇಎಸ್‌ಸಿಗಳು (ಮೋಟರ್ ವೇಗ ನಿಯಂತ್ರಿಸುವ ಬೋರ್ಡ್) ಚೂರು ಚೂರು ಕರೆಂಟ್ ಎಳೆಯುತ್ತಲೇ ಇರುತ್ತವೆ. ಆ ‘ಡೆಡ್’ ಪ್ಯಾಕ್ ಡೆಡ್ ಆಗಿದ್ದು ಹೀಗೇ ಇರಬೇಕು. ಸ್ಟೀಲ್ ಡಬ್ಬದಲ್ಲಿ ಇಡುವುದಾದರೆ ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಹೊರಗೆ ಹೋಗಲು ದಾರಿ ಬೇಕು.

ಕೊಳ್ಳುವ ಮೊದಲು ಬ್ಯಾಲೆನ್ಸ್ ಕನೆಕ್ಟರ್‌ಗೆ (ಒಂದೊಂದು ಸೆಲ್‌ಗೂ ತಂತಿ ಇರುವ ಸಣ್ಣ ಪ್ಲಗ್) ವೋಲ್ಟೇಜ್ ಚೆಕರ್ ಹಾಕಿ ಒಂದೊಂದು ಸೆಲ್‌ನ ವೋಲ್ಟೇಜ್ ಬೇರೆ ಬೇರೆಯಾಗಿ ಫೋಟೊ ಕಳಿಸಿ ಅಂತ ಕೇಳಿ. ಕೇಸಿನ ಗೆರೆಯ ಫೋಟೊ ಕೇಳಿ. ಹೇಗೆ ಇಟ್ಟಿದ್ದರು, ಯಾವಾಗಾದರೂ ಡೆಡ್ ಆಗಿತ್ತಾ ಅಂತ ನೇರವಾಗಿ ಕೇಳಿ. ನನ್ನ ಸಲಹೆ ಇನ್ನೂ ಸರಳ: ಕಾರ್ ಹಳೆಯದು ತಗೊಳ್ಳಿ, ಲಿಪೋ ಮಾತ್ರ ಹೊಸದು ತಗೊಳ್ಳಿ. ಸಣ್ಣ ಮಕ್ಕಳಿಗಾದರೆ 7.2 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕೇ ಸಾಕು. ಸ್ಪೀಡ್ ಕಮ್ಮಿ, ಆದರೆ ಈ ಥರದ ಬೆಂಕಿಯ ಭಯ ತುಂಬಾ ಕಮ್ಮಿ.

ನಿಮ್ಮಲ್ಲಿ ಈಗಾಗಲೇ ಊದಿದ ಪ್ಯಾಕ್ ಇದ್ದರೆ ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಮಾಡಲೇಬೇಡಿ. ನಾವು ನಮ್ಮದನ್ನು ಹೊರಗೆ, ಹೆಂಚಿನ ಮೇಲೆ, ಬೈಕ್ ಇಂಡಿಕೇಟರ್ ಬಲ್ಬ್ ಹಾಕಿ ಎದುರಿಗೇ ಕೂತು ಪೂರ್ತಿ ಖಾಲಿ ಮಾಡಿದೆವು. ಉಪ್ಪುನೀರಿನಲ್ಲಿ ಮುಳುಗಿಸಿ ಅಂತ ಹೇಳುವವರಿದ್ದಾರೆ. ಅದರಲ್ಲಿ ಎಷ್ಟೋ ಸಲ ಕನೆಕ್ಟರ್ ತುಕ್ಕು ಹಿಡಿಯುತ್ತದೆಯೇ ಹೊರತು ಸೆಲ್ ಖಾಲಿ ಆಗುವುದಿಲ್ಲ. ಖಾಲಿಯಾದ ಮೇಲೆ ತುದಿಗಳಿಗೆ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳುವವರಿಗೆ ಕೊಟ್ಟೆವು. ಮನೆ ಕಸದ ಜೊತೆ ಮಾತ್ರ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತಿದಾಗ ಅದು ಅಲ್ಲೇ ಹೊತ್ತಿಕೊಳ್ಳಬಹುದು.